ಕುಳ್ಳಗಿದ್ದರೆ ಐಸ್ ಹಾಕಿ ಆಡಲಾಗದೆ?

ಮಕ್ಕಳೇ, ಆಟಕ್ಕೆ ತಂಡ ಕಟ್ಟುವಾಗ "ನೀನು ಕುಳ್ಳ, ನಿನ್ನಿಂದ ಆಗದು" ಎಂದು ಯಾರನ್ನಾದರೂ ಹೊರಗೆ ಕೂರಿಸಿದ್ದೀರಾ? ಹಾಗೆ ಹೇಳುವ ಮೊದಲು ಕೆನಡಾದ ಮಾರ್ಟಿನ್ ಸೇಂಟ್ ಲೂಯಿ ಎಂಬ ಆಟಗಾರನ ಕಥೆ ಓದಿ.

ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಗಳದಲ್ಲಿ ಆಡುತ್ತಾರೆ. ಬೂಟಿನ ತಳಕ್ಕೆ ಉಕ್ಕಿನ ಅಲಗು ಇರುತ್ತದೆ. ಚೆಂಡಿನ ಬದಲು 'ಪಕ್' ಎಂಬ ರಬ್ಬರಿನ ಬಿಲ್ಲೆ ಬಳಸುತ್ತಾರೆ. ಅದರ ತೂಕ ಸುಮಾರು 170 ಗ್ರಾಂ. ಪಕ್ ಹಿಡಿದು ಸಾಗುವವನಿಗೆ ಎದುರಾಳಿ ಭುಜದಿಂದ ಡಿಕ್ಕಿ ಹೊಡೆಯಬಹುದು! ಆದ್ದರಿಂದಲೇ ತಂಡಗಳು ದೊಡ್ಡ ಮೈಕಟ್ಟಿನವರನ್ನು ಹುಡುಕುತ್ತಿದ್ದವು. ಸ್ಲೊವಾಕಿಯಾದ ಝ್ಡೆನೊ ಚಾರಾ 206 ಸೆಂ.ಮೀ. ಎತ್ತರದವರು. ಸೇಂಟ್ ಲೂಯಿ ಎತ್ತರ ಸುಮಾರು 173 ಸೆಂ.ಮೀ. ಮಾತ್ರ.

ಡಿಕ್ಕಿಯ ಲೆಕ್ಕ

ಚಲಿಸುವ ವಸ್ತುವಿನ ರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. 110 ಕಿ.ಗ್ರಾಂ. ಆಟಗಾರ ಸೆಕೆಂಡಿಗೆ 6 ಮೀಟರ್ ಸಾಗಿದರೆ 110 × 6 = 660. 80 ಕಿ.ಗ್ರಾಂ. ಆಟಗಾರ ಸೆಕೆಂಡಿಗೆ 8 ಮೀಟರ್ ಸಾಗಿದರೆ 80 × 8 = 640. ನೋಡಿದಿರಾ? ಇಬ್ಬರೂ ಹೆಚ್ಚು ಕಡಿಮೆ ಸಮ! ಆದರೆ ವೇಗ ಇಬ್ಬರದೂ ಒಂದೇ ಆದರೆ ಹಗುರಾದವನೇ ಹಿಂದಕ್ಕೆ ತಳ್ಳಲ್ಪಡುತ್ತಾನೆ. ಹಾಗಾಗಿ ಚಿಕ್ಕ ಆಟಗಾರನಿಗೆ ವೇಗವೇ ಬಂಡವಾಳ.

ಇನ್ನೊಂದು ಅನುಕೂಲವೂ ಇದೆ. ಕುಳ್ಳಗಿರುವವರ ಗುರುತ್ವ ಕೇಂದ್ರ ನೆಲಕ್ಕೆ ಹತ್ತಿರ ಇರುತ್ತದೆ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ವಸ್ತು ಸುಲಭವಾಗಿ ಉರುಳದು.

ಮಾಡಿ ನೋಡಿ

ಮೈದಾನದಲ್ಲಿ ಪಾದಗಳನ್ನು ಜೋಡಿಸಿ ನೆಟ್ಟಗೆ ನಿಲ್ಲಿ. ಗೆಳೆಯ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಲಿ. ಈಗ ಕಾಲುಗಳನ್ನು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಲ್ಲಿ. ಮತ್ತೆ ಅಷ್ಟೇ ತಳ್ಳಲಿ. ಯಾವಾಗ ಹೆಚ್ಚು ವಾಲಿದಿರಿ? ಐಸ್ ಹಾಕಿ ಆಟಗಾರರು ಬಗ್ಗಿ ಆಡುವುದೇಕೆಂದು ಈಗ ತಿಳಿಯಿತಲ್ಲವೇ?

ಮುಂದೇನಾಯಿತು?

ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ ಯುವ ಆಟಗಾರರನ್ನು ಪ್ರತಿವರ್ಷ ಆರಿಸುತ್ತಾರೆ. ಆ ಆಯ್ಕೆಯಲ್ಲಿ ಸೇಂಟ್ ಲೂಯಿ ಹೆಸರನ್ನು ಯಾವ ತಂಡವೂ ಕರೆಯಲಿಲ್ಲ. ಅವರು ಆಟ ಬಿಡಲಿಲ್ಲ. 2000ರಲ್ಲಿ ಟ್ಯಾಂಪಾ ಬೇ ತಂಡ ಸೇರಿದರು. 2004ರಲ್ಲಿ 94 ಅಂಕ ಗಳಿಸಿ ಲೀಗ್‌ಗೇ ಮೊದಲಿಗರಾದರು. ಅದೇ ವರ್ಷ ಅವರ ತಂಡ ಸ್ಟಾನ್ಲಿ ಕಪ್ ಗೆದ್ದಿತು. 2013ರಲ್ಲಿ, 37ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಮೊದಲಿಗರಾದರು!

2005ರಿಂದ ಎದುರಾಳಿಯನ್ನು ಹಿಡಿದೆಳೆಯುವ, ಅಡ್ಡಗಟ್ಟುವ ಆಟಕ್ಕೆ ಲೀಗ್ ಬಿಗಿಯಾಗಿ ಶಿಕ್ಷೆ ಕೊಡತೊಡಗಿತು. ಇದರಿಂದ ವೇಗದ ಆಟಗಾರರಿಗೆ ದಾರಿ ಸುಗಮವಾಯಿತು.

ಹಾಗೆಂದು ಎತ್ತರಕ್ಕೆ ಬೆಲೆ ಇಲ್ಲವೆಂದಲ್ಲ. ಉದ್ದನೆಯ ಕೈಗಳು ದೂರದ ಪಕ್ಕನ್ನೂ ತಡೆಯುತ್ತವೆ. 2012ರಲ್ಲಿ ಚಾರಾ ಹೊಡೆದ ಪಕ್ಕಿನ ವೇಗ ಗಂಟೆಗೆ ಸುಮಾರು 175 ಕಿ.ಮೀ.! ಇಂದಿಗೂ ಈ ಆಟದಲ್ಲಿ ಎತ್ತರದವರೇ ಹೆಚ್ಚು. ಚಿಕ್ಕವರು ಗೆಲ್ಲಬಲ್ಲರು, ಆದರೆ ಅವರ ದಾರಿ ಕಠಿಣ. ಆಡಲು ಅವಕಾಶ ಸಿಗದಿದ್ದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಮುಂದಿನ ಸಲ ತಂಡ ಕಟ್ಟುವಾಗ ಇದು ನೆನಪಿರಲಿ.

ಲೆಕ್ಕ ಹಾಕಿ: 100 ಕಿ.ಗ್ರಾಂ. ಆಟಗಾರ ಸೆಕೆಂಡಿಗೆ 7 ಮೀಟರ್ ಸಾಗುತ್ತಿದ್ದಾನೆ. ಅಷ್ಟೇ ಸಂವೇಗ ಬೇಕಾದರೆ 70 ಕಿ.ಗ್ರಾಂ. ಆಟಗಾರನ ವೇಗ ಎಷ್ಟಿರಬೇಕು?