ಮಾತ್ರೆಯಿಂದ ಹೊರಬರುತ್ತಿರುವ ಸಂಗಾತಿಯ ಪಕ್ಕದಲ್ಲಿ

ಕುಟುಂಬದ ಕುರಿತು ಧ್ಯಾನಿಸುತ್ತಾ ಬಂದಿದ್ದೇವೆ. ಇವತ್ತಿನ ವಿಷಯವನ್ನು ನಾವು ಸಭೆಯಲ್ಲಿ ಅಷ್ಟಾಗಿ ಮಾತಾಡಲ್ಲ. ನಿದ್ರೆಗೆ, ಆತಂಕಕ್ಕೆ ಅಂತ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡ ಗಂಡನೋ ಹೆಂಡತಿಯೋ ಈಗ ಅದನ್ನು ಬಿಡುತ್ತಿದ್ದಾರೆ. ಪಕ್ಕದಲ್ಲಿರುವ ನೀವು ಏನು ಮಾಡಬೇಕು? ಸತ್ಯವೇದ ತೆರೆಯಿರಿ, 1 ಅರಸುಗಳು 19.

ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದಿದೆ. ಈ ಅಧ್ಯಾಯದಲ್ಲಿ ಅದೇ ಎಲೀಯನು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ಪ್ರಾಣ ತೆಗೆದುಬಿಡು ಅಂತ ಬೇಡುತ್ತಿದ್ದಾನೆ. ದೇವದೂತನು ಬಂದು ಏನು ಮಾಡಿದ ನೋಡಿ. ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅಂತ ವಿಚಾರಣೆ ಮಾಡಲಿಲ್ಲ. ಮುಟ್ಟಿದ, ಎಬ್ಬಿಸಿದ, ರೊಟ್ಟಿ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಅದನ್ನೇ ಮಾಡಿದ. ಹೋರೇಬಿನ ಮಾತುಕತೆ ಎಲ್ಲಾ ಆಮೇಲೆ, 40 ದಿನದ ದಾರಿ ನಡೆದ ಮೇಲೆ. ಈ ಕ್ರಮ ನೆನಪಿಡಿ.

ಈಗ ಔಷಧದ ಮಾತು. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಇವೆಲ್ಲ ಬೆಂಜೊಡಯಜೆಪೀನ್ ಎಂಬ ಒಂದೇ ಗುಂಪಿನವು. 1960ರಲ್ಲಿ ಈ ಗುಂಪಿನ ಮೊದಲ ಔಷಧ ಲಿಬ್ರಿಯಂ ಮಾರುಕಟ್ಟೆಗೆ ಬಂತು, 1963ರಲ್ಲಿ ವ್ಯಾಲಿಯಂ. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನ ಕೆಲಸ ಮಾಡುತ್ತದೆ. ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ತುಂಬಾ ದಿನ ಹೀಗಾದರೆ ಮೆದುಳು ಅದಕ್ಕೇ ಹೊಂದಿಕೊಂಡುಬಿಡುತ್ತದೆ. ಮಾತ್ರೆ ತಟ್ಟನೆ ನಿಂತರೆ ಬ್ರೇಕ್ ಇಲ್ಲದ ಗಾಡಿ. ನಿದ್ರೆ ಹಾರಿಹೋಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆಳಕು ಚುಚ್ಚುತ್ತದೆ, ಸ್ನಾಯುಗಳು ಅದುರುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಅದು ಪ್ರಾಣಕ್ಕೇ ಅಪಾಯ. ಡಾಕ್ಟರ್ ಹೇಳಿದಂತೆಯೇ ತೆಗೆದುಕೊಂಡವರಿಗೂ ಇದು ಆಗುತ್ತದೆ. ಹಾಗಾಗಿ ಇದನ್ನು 'ಚಟ' ಅಂತ ಕರೆದು ನಿಮ್ಮ ಸಂಗಾತಿಯನ್ನು ಕುಗ್ಗಿಸಬೇಡಿ.

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳ್ತೀನಿ. "ವಿಶ್ವಾಸ ಇದ್ದರೆ ಇವತ್ತೇ ಮಾತ್ರೆ ಬಿಸಾಡು" ಎನ್ನುವವರ ಮಾತು ಕೇಳಬೇಡಿ, ಅದನ್ನು ಹೇಳುವವರು ಎಷ್ಟೇ ಪ್ರಾರ್ಥನಾವೀರರಾಗಿರಲಿ. ದೇವರು ಗುಣಪಡಿಸುತ್ತಾನೆ ಅಂತ ನಾನು ಪೂರ್ಣ ಹೃದಯದಿಂದ ನಂಬುತ್ತೇನೆ. ಆದರೆ ಬಲಿಪೀಠದ ಮುಂದೆ ಮಾತ್ರೆ ಎಸೆದು ನಾಲ್ಕು ದಿನದ ಮೇಲೆ ಐಸಿಯುನಲ್ಲಿ ಮಲಗುವುದು ಸಾಕ್ಷಿಯಲ್ಲ. ಮಾತ್ರೆ ಇಳಿಸುತ್ತಿರುವ ಸಮಯದಲ್ಲಿ ಅವರಿಂದ ದೀರ್ಘ ಉಪವಾಸವನ್ನೂ ಕೇಳಬೇಡಿ. ಎಲೀಯನಿಗೆ ಕೊಟ್ಟದ್ದು ರೊಟ್ಟಿ.

ಇಳಿಸುವುದು ನಿಧಾನ, ಡಾಕ್ಟರ ಕೈಯಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ಪ್ರೊಫೆಸರ್ 1982ರಿಂದ 1994ರವರೆಗೆ ಇಂಥವರಿಗಾಗಿಯೇ ಒಂದು ಕ್ಲಿನಿಕ್ ನಡೆಸಿದರು. ಅವರ ಕೈಪಿಡಿಯ ಮುಖ್ಯ ಮಾತು ಇದೇ: ಸ್ವಲ್ಪ ಸ್ವಲ್ಪವಾಗಿ, ರೋಗಿಯ ವೇಗಕ್ಕೆ ತಕ್ಕಂತೆ. ಅಮೆರಿಕದಲ್ಲಿ 2025ರಲ್ಲಿ ಬಂದ ವೈದ್ಯಕೀಯ ಮಾರ್ಗಸೂಚಿಯೂ ಆರಂಭದಲ್ಲಿ 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ನೋಡಿ ಅನ್ನುತ್ತದೆ. ಲೆಕ್ಕ ಹಾಕಿ, ತಿಂಗಳುಗಳ ದಾರಿ ಇದು, ಕೆಲವರಿಗೆ ವರ್ಷ ದಾಟುತ್ತದೆ. ಈ ವೇಗವನ್ನು ನೀವು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಮೆಡಿಕಲ್ ಶಾಪ್‌ನವರನ್ನೂ ಕೇಳಬೇಡಿ.

ಇದು ಮೆಟ್ಟಿಲಿನ ಹಾಗೆ ಒಂದೊಂದೇ ಮೇಲಕ್ಕೆ ಹೋಗಲ್ಲ. ಎರಡು ದಿನ ಚೆನ್ನಾಗಿರುತ್ತಾರೆ, ನಗ್ತಾರೆ, ಅಡುಗೆ ಮಾಡ್ತಾರೆ. ನೀವು ಸ್ತೋತ್ರ ಅಂತ ಹೇಳಿ ಮುಗಿಸುವಷ್ಟರಲ್ಲಿ ಮೂರನೇ ದಿನ ಮತ್ತೆ ಕತ್ತಲು. ಈ ಹಾದಿಯಲ್ಲಿ ನಡೆದವರು ಒಳ್ಳೆಯ ದಿನಗಳನ್ನು ಕಿಟಕಿ ಅಂತಲೂ ಕೆಟ್ಟ ದಿನಗಳನ್ನು ಅಲೆ ಅಂತಲೂ ಕರೀತಾರೆ. ಅಲೆ ಬಂದಾಗ "ನಿನ್ನೆ ಸರಿ ಇದ್ಯಲ್ಲ, ಈಗೇನಾಯ್ತು?" ಅನ್ನಬೇಡಿ. ಆ ಪ್ರಶ್ನೆಗೆ ಅವರ ಹತ್ತಿರವೂ ಉತ್ತರ ಇಲ್ಲ.

ಅಲೆಯ ನಡುವೆ ಮದುವೆಯ ಬಗ್ಗೆ ಯಾವ ತೀರ್ಪೂ ಬೇಡ. ಸಿಡುಕು, ಅಂತರ, ಮುಟ್ಟಿದರೆ ಸರಿದುಕೊಳ್ಳುವುದು, "ನನ್ನನ್ನ ಬಿಟ್ಟುಬಿಡು" ಅನ್ನುವುದು, ಇವು ನೋಯಿಸುತ್ತವೆ. ನೋವು ನಿಜ. ಆದರೆ ಅದರಲ್ಲಿ ಎಷ್ಟೋ ಪಾಲು ನರಗಳ ಕೂಗು, ನಿಮ್ಮ ಮೇಲಿನ ಪ್ರೀತಿಯ ಲೆಕ್ಕ ಅಲ್ಲ. ಕೆಲಸ ಬಿಡುವುದು, ಮನೆ ಬದಲಿಸುವುದು ಇಂಥ ದೊಡ್ಡ ನಿರ್ಧಾರಗಳನ್ನು ಮುಂದೂಡಿ. (ಹೊಡೆತ, ಬೆದರಿಕೆ ಆದರೆ ಅದು ಬೇರೆ ಮಾತು. ಅಲ್ಲಿ ತಾಳ್ಮೆ ಅಲ್ಲ, ಸುರಕ್ಷತೆ ಮೊದಲು.)

ಮಾತ್ರೆ ಎಣಿಸುವ ಪೊಲೀಸ್ ಆಗಬೇಡಿ. ಅವರಿಗೆ ಗೊತ್ತಿಲ್ಲದೆ ಡೋಸ್ ಕಡಿಮೆ ಮಾಡುವುದಂತೂ ಬೇಡವೇ ಬೇಡ. ಅವರು ಒಪ್ಪಿದರೆ ಡಾಕ್ಟರ್ ಹತ್ತಿರ ಜೊತೆಗೆ ಹೋಗಿ, ನಿದ್ರೆ ಮತ್ತು ಲಕ್ಷಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮದ್ಯ ಮನೆಗೆ ಬರಬಾರದು. ಮಾತ್ರೆಯ ಜೊತೆ ಸೇರಿದರೆ ಅದು ಉಸಿರನ್ನೇ ಅಡಗಿಸಬಹುದು.

ಆರಾಧನೆಯ ವಿಷಯ. ನಮ್ಮ ಡ್ರಮ್ಸು, ಸ್ಪೀಕರು ಎಷ್ಟು ಜೋರು ಅಂತ ನಿಮಗೇ ಗೊತ್ತು. ಈ ಸ್ಥಿತಿಯಲ್ಲಿರುವವರಿಗೆ ಆ ಶಬ್ದ ಹಿಂಸೆಯಾಗಬಹುದು. ಅವರು ಕೊನೇ ಸಾಲಿನಲ್ಲಿ ಕೂತರೆ, ಮಧ್ಯದಲ್ಲಿ ಎದ್ದು ಹೋದರೆ ಯಾರೂ ತಿರುಗಿ ನೋಡಬೇಡಿ. ತಲೆ ಮೇಲೆ ಕೈಯಿಟ್ಟು ಕೂಗಿ ಪ್ರಾರ್ಥಿಸುವ ಬದಲು ಪಕ್ಕ ಕೂತು ಮೆಲ್ಲಗೆ ಪ್ರಾರ್ಥಿಸಿ.

ಇನ್ನು ನೀವು. ವಿಮೋಚನಕಾಂಡ 17ರಲ್ಲಿ ಮೋಶೆಯ ಕೈ ಸೋತಾಗ ಹಿಡಿದವರು ಇಬ್ಬರು, ಆರೋನ ಮತ್ತು ಹೂರ, ಆಚೆಗೊಬ್ಬ ಈಚೆಗೊಬ್ಬ. ಕೂರಲು ಒಂದು ಕಲ್ಲನ್ನೂ ಇಟ್ಟರು. ನೀವು ಒಬ್ಬರೇ ಎರಡೂ ಕೈ ಹಿಡಿದು ನಿಂತಿದ್ದರೆ ಬೀಳುತ್ತೀರಿ. ಸಂಗಾತಿಯ ಒಪ್ಪಿಗೆ ಪಡೆದು ನಂಬಿಕಸ್ಥರಾದ ಇನ್ನೊಬ್ಬರಿಗೆ ಹೇಳಿ. ವಾರಕ್ಕೆ ಒಂದು ರಾತ್ರಿಯಾದರೂ ಅವರು ಬಂದು ಕೂತು, ನೀವು ಬೇರೆ ಕೋಣೆಯಲ್ಲಿ ಪೂರ್ತಿ ನಿದ್ದೆ ಮಾಡಿ. ನಿಮಗೂ ಕೋಪ ಬರುತ್ತೆ, ಅದನ್ನು ಕರ್ತನ ಮುಂದೆ ಮುಚ್ಚಿಡಬೇಡಿ.

ಫಿಟ್ಸ್, ತೀವ್ರ ಗೊಂದಲ, ಇಲ್ಲದ್ದು ಕಾಣುವುದು, ಸಾಯುವ ಮಾತು, ಇವುಗಳಲ್ಲಿ ಯಾವುದಾದರೂ ಬಂದರೆ ಪ್ರಾರ್ಥನಾ ಗುಂಪಿಗೆ ಮೆಸೇಜ್ ಹಾಕುವ ಮೊದಲು ಆಸ್ಪತ್ರೆಗೆ ಹೊರಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ಸೇವೆ ಇದೆ. ಮನಸ್ಸಿನ ಕಷ್ಟ ಮಾತಾಡಲು ಸರ್ಕಾರದ ಟೆಲಿ-ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಈ ವಾರ ಸೆಲ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ ಸಾಕು: ನಮ್ಮಲ್ಲಿ ಯಾರ ಮನೆಗೆ ಒಂದು ಹೊತ್ತಿನ ಊಟ ತಲುಪಿಸಬೇಕು, ಯಾವತ್ತು, ಯಾರು?