ಎರಡನೆಯ ವಾಯುಚೀಲ ಬೇಕೆ?

ಮುಳುಗಿದ ವಸ್ತುವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲವು ಅದನ್ನು ಮೇಲಕ್ಕೆ ನೂಕುವುದೆಂದು ಆರ್ಕಿಮಿಡೀಸನು ತಿಳಿಸಿದನು. ನೀರು ತುಂಬಿದ ಆಳದ ಗುಹೆಗಳನ್ನು ಹೊಗುವ ಮುಳುಗುಗಾರನು ಈ ಲೆಕ್ಕವನ್ನು ನೀರಿಗಿಳಿಯುವ ಮುನ್ನವೇ ಬಿಡಿಸಿಕೊಂಡಿರಬೇಕು.

ಒಂದು ಉದಾಹರಣೆಯನ್ನು ನೋಡೋಣ. ಅವನ ಬೆನ್ನಿನ ಮೇಲೆ ತಲಾ ೧೨ ಲೀಟರಿನ ಎರಡು ಉಕ್ಕಿನ ಸಿಲಿಂಡರುಗಳಿವೆ. ಅವುಗಳಲ್ಲಿ ವಾಯುಮಂಡಲದ ಒತ್ತಡದ ೨೦೦ ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದೆ. ಹೊರಬಿಟ್ಟರೆ ಅದು ಸುಮಾರು ೪೮೦೦ ಲೀಟರು ಆಗುವುದು. ಲೀಟರಿಗೆ ೧.೨ ಗ್ರಾಂ ಎಂದು ಹಿಡಿದರೂ ಹತ್ತಿರ ಹತ್ತಿರ ೬ ಕಿಲೋಗ್ರಾಂ ತೂಕ. ಗಾಳಿಗೆ ಇಷ್ಟು ತೂಕವೇ ಎಂದು ವಿದ್ಯಾರ್ಥಿಗಳು ಬೆರಗಾಗಬಹುದು! ಈ ಗಾಳಿಯು ಮುಗಿಯುತ್ತ ಬಂದಾಗಲೂ ಅವನು ೬ ಮೀಟರು ಆಳದಲ್ಲಿ ಮೇಲೇಳದೆ ನಿಂತು, ದೇಹದಲ್ಲಿ ಕರಗಿದ ಅನಿಲವನ್ನು ಮೆಲ್ಲಗೆ ಹೊರಬಿಡಬೇಕಾಗಿದೆ. ಆದುದರಿಂದ ಹೊರಡುವಾಗ ಈ ೬ ಕಿಲೋಗ್ರಾಂ ಅಧಿಕ ಭಾರವಾಗಿಯೇ ಇರುವುದು. ಇದಲ್ಲದೆ, ಗಾಳಿಗುಳ್ಳೆಗಳುಳ್ಳ ರಬ್ಬರಿನ ಉಡುಪು ೩೦ ಮೀಟರು ಆಳದಲ್ಲಿ ನಾಲ್ಕು ಪಟ್ಟು ಒತ್ತಡಕ್ಕೆ ಸಿಕ್ಕಿ ತೆಳುವಾಗುವುದು. ಅದರಿಂದ ತೇಲುವಿಕೆ ೪ ಕಿಲೋಗ್ರಾಂ ಕುಗ್ಗಿತೆನ್ನೋಣ. ಈ ಹತ್ತು ಕಿಲೋಗ್ರಾಮಿನ ಹೊರೆಯನ್ನೆಲ್ಲ ಹೊರುವುದು ಬೆನ್ನಿನ ಮೇಲಿನ ಒಂದು ವಾಯುಚೀಲ. ಅದು ಹರಿದರೆ, ಕಾಲಿನ ಈಜುರೆಕ್ಕೆಗಳನ್ನು ಎಷ್ಟು ಬಡಿದರೂ ಅವನು ಬಹಳ ಹೊತ್ತು ನಿಲ್ಲಲಾರನು.

ಹಾಗಾದರೆ ಇನ್ನೊಂದು ಚೀಲವನ್ನು ಕಟ್ಟಿಕೊಂಡರಾಯಿತಲ್ಲ? ಹಲವರು ಕಟ್ಟಿಕೊಳ್ಳುವುದೂ ಉಂಟು. ಆದರೆ ಅದಕ್ಕೂ ಒಂದು ಕವಾಟ, ಒಂದು ಕೊಳವೆ ಬೇಕು. ಆ ಕವಾಟವು ಸೋರಿ ಎರಡನೆಯ ಚೀಲವು ತಾನಾಗಿ ಉಬ್ಬತೊಡಗಿದರೆ, ಮುಳುಗುಗಾರನು ಮೊದಲನೆಯದನ್ನು ಎಷ್ಟು ಖಾಲಿಮಾಡಿದರೂ ಮೇಲಕ್ಕೇರುತ್ತಲೇ ಇರುವನು. ಕಾರಣವೂ ಬೇಗ ಹೊಳೆಯುವುದಿಲ್ಲ. ನೀರಿನ ಎದುರುತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಜೋಲಾಡುವ ಪ್ರತಿಯೊಂದು ವಸ್ತುವೂ ಶ್ರಮವನ್ನೂ ಗಾಳಿಯ ವೆಚ್ಚವನ್ನೂ ಬೆಳೆಸುವುದು. ಗುಹೆಯಲ್ಲಂತೂ ಅದು ದಾರಿ ತೋರುವ ದಾರಕ್ಕೆ ಸಿಕ್ಕಿಕೊಳ್ಳಬಹುದು. ಅಮೆರಿಕದ ಫ್ಲಾರಿಡಾದಲ್ಲಿ ೨೦೦೭ರಲ್ಲಿ ಇಬ್ಬರು ಟರ್ನರ್ ಸಿಂಕ್ ಎಂಬ ಕುಳಿಯಿಂದ ವಕುಲ್ಲಾ ಚಿಲುಮೆಯವರೆಗೆ ಸುಮಾರು ೧೧ ಕಿಲೋಮೀಟರು ದೂರ ನೆಲದಡಿಯ ನೀರಿನಲ್ಲೇ ಸಾಗಿದರು. ಅಂಥ ಪಯಣದಲ್ಲಿ ಈ ತಡೆ ಸಣ್ಣ ಮಾತಲ್ಲ.

ಆ ನಾಡಿನ ಗುಹಾ ಮುಳುಗುಗಾರ ವಿಲಿಯಂ ಹೊಗಾರ್ಥ್ ಮೇಯ್ನ್ ಅವರ ಹೆಸರಿನಿಂದಲೇ ಒಂದು ಪದ್ಧತಿ ಪ್ರಸಿದ್ಧವಾಗಿದೆ. ಬೇಡದ್ದನ್ನೆಲ್ಲ ತೆಗೆದು, ಬೇಕಾದುದನ್ನು ಮೈಗೆ ಒತ್ತಿದಂತೆ ಇರಿಸುವುದೇ ಅದರ ಕ್ರಮ. ಇದನ್ನು ಅನುಸರಿಸುವವರು ನೀರು ಒಳಹೊಗದ ಒಣ ಉಡುಪನ್ನು ತೊಡುವರು. ಚಳಿಯನ್ನು ತಡೆಯಲು ಅದರೊಳಗೆ ಹೇಗೂ ಅನಿಲವಿರುವುದು. ವಾಯುಚೀಲ ಕೆಟ್ಟಾಗ ಅದನ್ನೇ ತುಸು ಉಬ್ಬಿಸಬಹುದು. ಇದರಲ್ಲೊಂದು ಜಾಣತನವಿದೆ. ವಾಯುಚೀಲದ ಕೊಳವೆಯನ್ನು ಸಿಲಿಂಡರುಗಳ ಬಲ ಕವಾಟಕ್ಕೂ ಉಡುಪಿನದನ್ನು ಎಡ ಕವಾಟಕ್ಕೂ, ಇಲ್ಲವೆ ಬೇರೊಂದು ಪುಟ್ಟ ಸಿಲಿಂಡರಿಗೂ ಜೋಡಿಸುವರು. ಒಂದನ್ನು ಮುಚ್ಚಬೇಕಾಗಿ ಬಂದರೂ ಇನ್ನೊಂದು ಉಳಿಯುವುದು.

ಕಟ್ಟಿಕೊಂಡ ಸೀಸವನ್ನು ಕಳಚುವುದೂ ಒಂದು ಉಪಾಯವೇ. ಆದರೆ ಗುಹೆಯಲ್ಲಿ ಅತಿಯಾಗಿ ಹಗುರಾದವನನ್ನು ನೀರು ಮೇಲಣ ಬಂಡೆಗೆ ಒತ್ತಿ ಹಿಡಿಯುವುದು. ಉಡುಪಿನ ಅನಿಲವೂ ದೇಹ ಓರೆಯಾದರೆ ಕಾಲಿನ ಕಡೆಗೆ ಓಡಿ ಮನುಷ್ಯನನ್ನು ತಲೆಕೆಳಗಾಗಿಸಬಲ್ಲುದು. ಆದಕಾರಣ, ಹರಿದ ಚೀಲವಿದೆಯೆಂದೇ ಭಾವಿಸಿ ಉಡುಪಿನಿಂದ ಮಾತ್ರ ತೇಲಿ ನಿಲ್ಲುವುದನ್ನು ಮೊದಲು ಆಳವಿಲ್ಲದ ನೀರಿನಲ್ಲಿ ಅಭ್ಯಾಸಮಾಡುತ್ತಾರೆ.