‘ಲೂಸು’, ‘ಮೆಂಟಲ್’: ನಮ್ಮ ಬಾಯಲ್ಲಿ ಬರುವ ಕೆಲವು ಮಾತುಗಳು



ಈ ತಿಂಗಳ ಪಾಠ ದಿನನಿತ್ಯದ ಮಾತಿಗೆ ಸಂಬಂಧಿಸಿದ್ದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಹೀಗಾಗಿ ಬೈಗುಳವೂ ಎರಡು ಭಾಷೆಯದು. ಲೆಕ್ಕ ತಪ್ಪಿದ ಹುಡುಗ ‘ಲೂಸು’, ದರ ಇಳಿಸಿದ ದಲ್ಲಾಳಿ ‘ಮೆಂಟಲ್’, ಮಾತು ಕೇಳದ ಮಗ ‘ಪೈತ್ಯ’. ಸಿಟ್ಟು ಹೆಚ್ಚಾದರೆ ‘ಕೀಳ್ಪಾಕ್ಕಂ ಕೇಸು’. ಗಡಿಯಾಚೆಯ ನಮ್ಮ ನೆಂಟರು ಇದನ್ನೇ ‘ನಿಮ್ಹಾನ್ಸ್‌ಗೆ ಸೇರಿಸಿ’ ಎನ್ನುತ್ತಾರೆ.

ಕೀಳ್ಪಾಕ್ಕಂನಲ್ಲಿರುವುದು 1794ರಷ್ಟು ಹಿಂದಿನ ಮೂಲವುಳ್ಳ ಚೆನ್ನೈನ ಸರ್ಕಾರಿ ಮಾನಸಿಕ ಆಸ್ಪತ್ರೆ. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರು 1961ರಿಂದ 1978ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡ ಸಂಸ್ಥೆ. ಎರಡೂ ಕಾಯಿಲೆ ವಾಸಿ ಮಾಡುವ ಸ್ಥಳಗಳು. ಕೊಯಮತ್ತೂರಿನ ಅರವಿಂದ ಕಣ್ಣಾಸ್ಪತ್ರೆಗೆ ಪೊರೆ ತೆಗೆಸಲು ಹೋದವರನ್ನು ಯಾರಾದರೂ ಹಂಗಿಸುತ್ತೇವೆಯೇ? ಆಸ್ಪತ್ರೆಯ ಹೆಸರನ್ನೇ ಬೈಗುಳ ಮಾಡಿದರೆ ರೋಗಿ ಆ ಬಾಗಿಲು ತುಳಿಯುವುದು ಹೇಗೆ?

ಇಲ್ಲಿ ನಮ್ಮದೇ ತಪ್ಪನ್ನು ಹೇಳಬೇಕು. ಒಮ್ಮೆ ದಾಸೋಹದ ಲೆಕ್ಕ ನೋಡುವ ಸಭೆಯಲ್ಲಿ ಒಂದೇ ವೋಚರು ಎರಡು ಸಲ ಜಮೆಯಾಗಿತ್ತು. ‘ಇದೇನು ಕೀಳ್ಪಾಕ್ಕಂ ಲೆಕ್ಕ’ ಎಂದೆವು. ಎಲ್ಲರೂ ನಕ್ಕರು. ಉಡುಮಲೈ ಕಡೆಯ ರೈತರೊಬ್ಬರು ಮಾತ್ರ ನಗಲಿಲ್ಲ. ಪ್ರಸಾದವನ್ನೂ ಸ್ವೀಕರಿಸದೆ ಎದ್ದು ಹೋದರು. ಆರು ತಿಂಗಳ ನಂತರ ವಿಷಯ ತಿಳಿಯಿತು. ಅವರ ಮಗನಿಗೆ ಯಾರೂ ಆಡದ ಮಾತು ಕಿವಿಯಲ್ಲಿ ಕೇಳುತ್ತಿತ್ತು. ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆ ಎನ್ನುತ್ತಿದ್ದ. ತಾಯತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿದರು. ವೈದ್ಯರ ಬಳಿ ಹೋದರೆ ಸುದ್ದಿ ಊರು ತುಂಬುತ್ತದೆ, ಮಗಳ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ. ಯಾವ ಆಸ್ಪತ್ರೆಗೆ ಹೋಗಬಹುದೆಂದು ಗುಟ್ಟಾಗಿ ಕೇಳಲು ಅಂದು ಮಠಕ್ಕೆ ಬಂದಿದ್ದರಂತೆ. ನಮ್ಮ ಮಾತು ಕೇಳಿ, ಕೇಳದೆಯೇ ಹೋದರು. ಈ ಕಾಯಿಲೆಗೆ ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟವೆಂದು ವೈದ್ಯರು ಹೇಳುತ್ತಾರೆ. ಆ ಆರು ತಿಂಗಳನ್ನು ನಾವು ಯಾವ ಖಾತೆಗೆ ಬರೆಯುವುದು?

ಈಗ ಇಂಗ್ಲಿಷ್ ಪದಗಳೂ ಬಂದಿವೆ. ಬನಿಯನ್ ಆರ್ಡರ್ ಕಡಿಮೆಯಾದರೆ ‘ಡಿಪ್ರೆಷನ್’, ಅಂಗಡಿ ಗುಡಿಸಿ ಒಪ್ಪವಾಗಿಟ್ಟರೆ ‘ಓಸಿಡಿ’. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಖಿನ್ನತೆ ಎಂಬ ಕಾಯಿಲೆ ಹಾಗಲ್ಲ: ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗುವುದು, ಬದುಕೇ ಬೇಡ ಎನಿಸುವುದು. ಓಸಿಡಿ ಇರುವವರು ಕೈ ಶುದ್ಧವಾಗಿದೆ ಎಂದು ಗೊತ್ತಿದ್ದರೂ ಚರ್ಮ ಸುಲಿಯುವವರೆಗೆ ತೊಳೆಯುತ್ತಾರೆ, ನಿಲ್ಲಿಸಲಾರದೆ ಅಳುತ್ತಾರೆ. ಎಲ್ಲದಕ್ಕೂ ‘ಡಿಪ್ರೆಷನ್’ ಎನ್ನುವ ಮನೆಯಲ್ಲಿ ಸೊಸೆ ನಿಜವಾಗಿ ಆ ಮಾತು ಹೇಳಿದ ದಿನ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಹಾಗೆಂದು ಹೊಲದ ಹುಚ್ಚೆಳ್ಳಿಗೆ ಹೊಸ ಹೆಸರಿಡಿ ಎನ್ನುತ್ತಿಲ್ಲ. ಸಿನಿಮಾ ಹುಚ್ಚು, ಹುಚ್ಚು ಮಳೆ, ಇವು ಯಾರ ಮೈಗೂ ತಾಗುವ ಮಾತಲ್ಲ. ಮರುಳಸಿದ್ಧ, ಮರುಳಶಂಕರ ಎಂಬ ಹೆಸರುಗಳನ್ನು ಗೌರವದಿಂದ ಇಟ್ಟುಕೊಂಡು ಬಂದವರು ನಾವು. ಮನುಷ್ಯನತ್ತ ಬೆರಳು ತೋರಿಸಿ ಆಡುವ ಮಾತಷ್ಟೇ ಇಲ್ಲಿನ ವಿಚಾರ.

ಇಂಥ ಕಾಯಿಲೆ ಅಪರೂಪವೂ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ ತಮಿಳುನಾಡು ಸೇರಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ನೂರು ಜನ ಪಂಕ್ತಿಯಲ್ಲಿ ಕುಳಿತರೆ ಹತ್ತು ಮಂದಿ. ಬಚ್ಚಿಡುವುದರ ಕೊನೆ ಏನಾಗಬಹುದೆಂಬುದಕ್ಕೆ ರಾಮನಾಥಪುರಂ ಜಿಲ್ಲೆಯ ಎರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಶೆಡ್ಡಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಗೆ ಸರಪಳಿ ಹಾಕುವುದು ನಿಷಿದ್ಧ.

ಕೊಯಮತ್ತೂರು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಊರಿಗೆ ತಿಳಿಯುವ ಅಂಜಿಕೆ ಇದ್ದವರು ಮೊದಲು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ ಅದು. ಹಣ ಕೊಡಬೇಕಿಲ್ಲ, ತಮಿಳಿನಲ್ಲೂ ಕನ್ನಡದಲ್ಲೂ ಮಾತಾಡುತ್ತಾರೆ.

ಆ ರೈತರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಮಗ ಮಾತ್ರೆ ನುಂಗುತ್ತಿದ್ದಾನೆ, ತೆಂಗಿನ ತೋಟಕ್ಕೆ ನೀರು ಬಿಡುತ್ತಾನೆ. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದಾಗ ತಂದೆ ಬಹಳ ಹೊತ್ತು ಯೋಚಿಸಿದರು. ಬರೆಯಿರಿ, ಊರಿನ ಹೆಸರು ಮಾತ್ರ ಬೇಡ ಎಂದರು. ಹಾಕಿಲ್ಲ.